ಹಣಕಾಸು ಯೋಜಕ: ನಮ್ಮ ಮಕ್ಕಳು ಕಲಿಯಬೇಕಾದ ಅಮಾನತಿನ ಉದ್ಯೋಗ

(ತುಕ್ಕಾನಟ್ಟಿಯ ಜುಮಾ ಖುತ್ಬಾದ ಸಾರಾಂಶ, ವಿವರಣೆಯೊಂದಿಗೆ)

ಸರ್ವಸ್ತುತಿ ಅಲ್ಲಾಹನಿಗೆ. ಪ್ರವಾದಿ ಮುಹಮ್ಮದ್(ಸ)ರ ಮೇಲೂ ಅವರ ಕುಟುಂಬ ಹಾಗೂ ಸಂಗಾತಿಗಳ ಮೇಲೂ ಶಾಂತಿ ಇರಲಿ.

ಕಳೆದ ತಿಂಗಳು ಒಂದು ಜುಮಾ ನಮಾಜಿನ ನಂತರ ಜಮಾತಿನ ಒಬ್ಬ ಸಹೋದರರು ಎಲ್ಲರೂ ಹೋಗುವವರೆಗೆ ಕಾದು ನಮ್ಮ ಬಳಿ ಬಂದರು. ಎರಡು ಎಕರೆ ಕಬ್ಬಿನ ಹೊಲ, ಜೊತೆಗೆ ಗೌಂಡಿ ಕೆಲಸ. ಅವರು ಕೇಳಿದ್ದು ಇಷ್ಟು: "ಹಜರತ್, ಮಗಳು ಬಿ.ಕಾಂ. ಮುಗಿಸ್ಯಾಳ್ರಿ. ಮಂದಿ ರೊಕ್ಕದ ಲೆಕ್ಕಾ ಹಾಕಿ ದಾರಿ ಹೇಳೋ ಕೆಲಸ ಕಲೀತೀನಿ ಅಂತಾಳ. ಇದೂ ಬಡ್ಡಿ ಕೆಲಸಾ ಏನ್ರಿ? ಕಳಸ್ಲೋ ಬ್ಯಾಡೋ?"

ಮುಂದಿನ ಶುಕ್ರವಾರ ಹೇಳುತ್ತೇವೆ ಎಂದು ಅವರನ್ನು ಕಳುಹಿಸಿದೆವು. ಆ ವಾರ ಓದಿದೆವು, ತಿಳಿದವರನ್ನು ಕೇಳಿದೆವು. ಮುಂದಿನ ಖುತ್ಬಾ ಇದೇ ವಿಷಯದ ಮೇಲೆ ಆಯಿತು. ಖುತ್ಬಾದಲ್ಲಿ ಲೆಕ್ಕಪತ್ರವನ್ನೆಲ್ಲ ಬಿಡಿಸಿ ಹೇಳಲಾಗಲಿಲ್ಲ. ಹಲವು ತಂದೆತಾಯಂದಿರು ಕೇಳಿದ್ದರಿಂದ ಇಲ್ಲಿ ವಿವರವಾಗಿ ಬರೆಯುತ್ತಿದ್ದೇವೆ.

ಈ ಕೆಲಸ ಏನು?

ಕಬ್ಬಿನ ಎಲೆ ಹಳದಿಯಾದರೆ ನಮ್ಮ ರೈತರು ಏನು ಮಾಡುತ್ತಾರೆ? ಊರಲ್ಲೇ ಇರುವ ಬರ್ಡ್ಸ್ ಕೃಷಿ ವಿಜ್ಞಾನ ಕೇಂದ್ರಕ್ಕೆ ಎಲೆ ಒಯ್ದು ತೋರಿಸುತ್ತಾರೆ. ಅಲ್ಲಿನ ವಿಜ್ಞಾನಿ ಮಣ್ಣು ಎಂಥದು, ನೀರು ಎಷ್ಟು, ಯಾವ ಗೊಬ್ಬರ ಹಾಕಿದಿರಿ ಎಂದು ಮೊದಲು ಕೇಳುತ್ತಾರೆ. ಔಷಧಿಯ ಮಾತು ಆಮೇಲೆ. ಆದರೆ ಮನೆಯ ಹಣಕ್ಕೆ ರೋಗ ಬಂದಾಗ ಯಾರಿಗೆ ತೋರಿಸುತ್ತೇವೆ? ಚಹಾದಂಗಡಿಯಲ್ಲಿ ಸಿಕ್ಕವರನ್ನು, ಬೀಗರನ್ನು, ಪಾಲಿಸಿ ಮಾರಲು ಬಂದವರನ್ನು ಕೇಳುತ್ತೇವೆ. ಎಷ್ಟೋ ಸಲ ಮಸೀದಿಯ ಇಮಾಮರನ್ನು ಕೇಳುತ್ತೇವೆ.

ಹಣಕಾಸು ಯೋಜಕ, ಅಂದರೆ ಫೈನಾನ್ಷಿಯಲ್ ಪ್ಲಾನರ್, ಮಾಡುವುದು ಆ ವಿಜ್ಞಾನಿಯ ಕೆಲಸವನ್ನೇ. ಕುಟುಂಬದ ಆದಾಯ, ಖರ್ಚು, ಸಾಲ, ಚಿನ್ನ, ಹೊಲ ಎಲ್ಲವನ್ನೂ ಮೊದಲು ಒಂದು ಹಾಳೆಯಲ್ಲಿ ಬರೆಸುತ್ತಾರೆ. ಆಮೇಲೆ ಮುಂದೆ ಬರುವ ಅಗತ್ಯಗಳನ್ನು ಕೇಳುತ್ತಾರೆ: ಮಗನ ಓದು, ಮಗಳ ನಿಕಾಹ್, ಮನೆಯ ಸ್ಲ್ಯಾಬ್, ಹಜ್, ಮುಪ್ಪು. ಯಾವ ಸಾಲ ಮೊದಲು ತೀರಬೇಕು, ಕೈಯಲ್ಲಿ ಎಷ್ಟು ತಿಂಗಳ ಖರ್ಚು ಇರಬೇಕು, ಉಳಿದದ್ದನ್ನು ಎಲ್ಲಿಡಬೇಕು ಎಂಬುದನ್ನು ಲೆಕ್ಕ ಹಾಕಿ ಹೇಳುತ್ತಾರೆ. ಪ್ರತಿ ವರ್ಷ ಮತ್ತೆ ಕೂತು ತಿದ್ದುತ್ತಾರೆ.

ನಮ್ಮ ಕಡೆ ಇದು ಇನ್ನೂ ಹೆಚ್ಚು ಬೇಕಾಗಿದೆ. ನೌಕರದಾರರಿಗೆ ತಿಂಗಳಿಗೊಮ್ಮೆ ಸಂಬಳ ಬರುತ್ತದೆ. ನಮ್ಮವರಿಗೆ ಕಬ್ಬಿನ ಬಿಲ್ಲು ಕಾರ್ಖಾನೆ ಕೊಟ್ಟಾಗ ಬರುತ್ತದೆ, ಕಂತಿನಲ್ಲಿ ಬರುತ್ತದೆ. ಗೌಂಡಿಗೆ ಮಳೆಗಾಲದಲ್ಲಿ ಕೆಲಸ ಕಡಿಮೆ. ಬಿಲ್ಲು ಬಂದ ವಾರ ಮನೆಯಲ್ಲಿ ಹಬ್ಬ, ಆರು ತಿಂಗಳ ನಂತರ ಸಂಘದ ಸಾಲ. ಮೈಕ್ರೋ ಫೈನಾನ್ಸ್ ವಸೂಲಿಯ ಕಾಟ ಎಷ್ಟು ಮುಟ್ಟಿತೆಂದರೆ 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಅದರ ವಿರುದ್ಧ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಆ ಸಾಲಗಳಲ್ಲಿ ಬಹಳಷ್ಟನ್ನು ತಡೆಯಲು ಬೇಕಿದ್ದದ್ದು ಆರು ತಿಂಗಳ ಮೊದಲು ಕೂತು ಬರೆದ ಒಂದು ಹಾಳೆ.

ನಮ್ಮದೇ ಒಂದು ತಪ್ಪು

ಈ ವಿಷಯಕ್ಕೆ ನಾವು ಇಷ್ಟು ಮಹತ್ವ ಕೊಡಲು ಒಂದು ಕಾರಣವಿದೆ. ಮಿಂಬರ್ ಮೇಲೆ ಅದನ್ನು ಹೇಳುವಾಗ ನಮ್ಮ ದನಿ ಸರಿಯಾಗಿ ಏಳಲಿಲ್ಲ. ಬರೆಯುವಾಗಲೂ ಸುಲಭವಲ್ಲ.

ಕೆಲವು ವರ್ಷಗಳ ಹಿಂದೆ ಒಬ್ಬ ವಿಧವೆ ಸಹೋದರಿ ನಮ್ಮ ಮನೆಗೆ ಬಂದರು. ಪತಿ ಲಾರಿ ಅಪಘಾತದಲ್ಲಿ ತೀರಿಕೊಂಡಿದ್ದರು. ಪರಿಹಾರದಲ್ಲಿ ಕೈಗೆ ಸೇರಿದ್ದು 4 ಲಕ್ಷ ರೂಪಾಯಿ, ಎದುರಿಗೆ ಇಬ್ಬರು ಚಿಕ್ಕ ಮಕ್ಕಳು. ಒಂದು ಕಂಪನಿಯವರು ಬಂದು ತಿಂಗಳಿಗೆ ನೂರಕ್ಕೆ ಮೂರು ಲಾಭ ಕೊಡುತ್ತೇವೆ ಎಂದಿದ್ದರು. ಆ ಸಹೋದರಿ ಕೇಳಿದ್ದು: "ಹಜರತ್, ಇದ್ರಾಗ ಬಡ್ಡಿ ಇಲ್ಲಂತ್ರಿ, ವ್ಯಾಪಾರದ ಲಾಭ ಅಂತ್ರಿ. ಹಾಕಬಹುದೇನ್ರಿ?"

ನಾವು ಕಾಗದ ನೋಡಿದೆವು. ಅದರಲ್ಲಿ ‘ಮುದಾರಬಾ’ ಎಂದು ಬರೆದಿತ್ತು. ಬಂದವರ ಮಾತು ಮೃದುವಾಗಿತ್ತು, ಗಡ್ಡ ಟೋಪಿ ಇತ್ತು. ಬಡ್ಡಿ ಇಲ್ಲದಿದ್ದರೆ ಹಾಕಬಹುದು ಎಂದೆವು.

ಏಳು ತಿಂಗಳು ತಪ್ಪದೆ 12 ಸಾವಿರ ಬಂತು. ಎಂಟನೇ ತಿಂಗಳು ಬಾಗಿಲಿಗೆ ಬೀಗ ಬಿತ್ತು. ಬಂದದ್ದು 84 ಸಾವಿರ, ಹೋದದ್ದು 3 ಲಕ್ಷದ 16 ಸಾವಿರ.

ನಾವು ಎಲ್ಲಿ ತಪ್ಪಿದೆವು? ಮೊದಲನೆಯದು ನಮ್ಮದೇ ವಿದ್ಯೆಯಲ್ಲಿ. ಮುದಾರಬಾದಲ್ಲಿ ಬಂದ ಲಾಭದಲ್ಲಿ ಯಾರಿಗೆ ಎಷ್ಟು ಪಾಲು ಎಂದು ನಿಗದಿ ಮಾಡಬಹುದು. ಹಾಕಿದ ಬಂಡವಾಳದ ಮೇಲೆ ತಿಂಗಳಿಗೆ ಇಷ್ಟು ಎಂದು ಖಾತ್ರಿ ಕೊಟ್ಟರೆ ಹೆಸರು ಏನೇ ಇರಲಿ ಅದು ಬಡ್ಡಿಯೇ. ಪ್ರತಿ ತಿಂಗಳೂ ಒಂದು ರೂಪಾಯಿ ಹೆಚ್ಚು ಕಡಿಮೆ ಇಲ್ಲದೆ 12 ಸಾವಿರ ಬರುವ ವ್ಯಾಪಾರ ಯಾವುದು ಎಂದು ನಾವು ಕೇಳಬೇಕಿತ್ತು. ಎರಡನೆಯದು ಲೆಕ್ಕದಲ್ಲಿ. ತಿಂಗಳಿಗೆ ನೂರಕ್ಕೆ ಮೂರೆಂದರೆ ವರ್ಷಕ್ಕೆ ಮೂವತ್ತಾರು. ನಮ್ಮ ಸುತ್ತಮುತ್ತಲ ಯಾವ ಅಡತಿ ಅಂಗಡಿ, ಯಾವ ಕಾರ್ಖಾನೆ ತನ್ನ ಖರ್ಚು ಕಳೆದು ಬೇರೆಯವರಿಗೆ ವರ್ಷಕ್ಕೆ ಮೂವತ್ತಾರು ಕೊಡಬಲ್ಲದು? ಮೂರನೆಯದು, ಕಂಪನಿಗೆ ಹಣ ಸಂಗ್ರಹಿಸುವ ಪರವಾನಗಿ ಇದೆಯೇ ಎಂದು ನೋಡುವುದು ನಮಗೆ ಹೊಳೆಯಲೇ ಇಲ್ಲ. ನಾಲ್ಕನೆಯದು ಎಲ್ಲಕ್ಕಿಂತ ದೊಡ್ಡದು: ಇಬ್ಬರು ಯತೀಮ್ ಮಕ್ಕಳ ಅಷ್ಟೂ ಹಣವನ್ನು ಒಂದೇ ಕಡೆ ಹಾಕುವುದು ಸರಿಯೇ ಎಂದು ನಾವು ಯೋಚಿಸಲಿಲ್ಲ.

ಇದು ನಮ್ಮೊಬ್ಬರ ತಪ್ಪಾಗಿದ್ದರೆ ಇಲ್ಲಿ ಬರೆಯುತ್ತಿರಲಿಲ್ಲ. 2019ರ ಜೂನ್‌ನಲ್ಲಿ ಬೆಂಗಳೂರಿನ ಐಎಂಎ ಕುಸಿದಾಗ ಸಾವಿರಾರು ಮುಸ್ಲಿಂ ಕುಟುಂಬಗಳು ಶಿವಾಜಿನಗರದ ಬೀದಿಯಲ್ಲಿ ಸಾಲುಗಟ್ಟಿ ದೂರು ಕೊಟ್ಟದ್ದನ್ನು ನಾಡೇ ನೋಡಿತು. ಆ ಸಂಸ್ಥೆಯ ಪೂರ್ಣ ಹೆಸರು ಐ ಮಾನೆಟರಿ ಅಡ್ವೈಸರಿ. ಹೆಸರಿನಲ್ಲೇ ‘ಸಲಹೆ’ ಇತ್ತು. ‘ಬಡ್ಡಿಯಲ್ಲ, ಲಾಭ’ ಎಂಬ ಮಾತೇ ಅದರ ಬಂಡವಾಳ. ಸ್ಥಾಪಕ ಮನ್ಸೂರ್ ಖಾನ್ ದೇಶ ಬಿಟ್ಟು ಹೋಗಿ ಜುಲೈನಲ್ಲಿ ದೆಹಲಿಗೆ ಮರಳಿದಾಗ ಬಂಧನವಾಯಿತು, ಮುಂದೆ ತನಿಖೆ ಸಿಬಿಐಗೆ ಹೋಯಿತು. ಆಲಿಮರ ಮಾತು ನಂಬಿ ಹಣ ಹಾಕಿದವರೂ ಅದರಲ್ಲಿದ್ದರು.

ಹಲಾಲ್ ಎಂಬ ಉತ್ತರ ಒಂದು ಪ್ರಶ್ನೆಗೆ ಮಾತ್ರ ಉತ್ತರ. ಇದು ಸುರಕ್ಷಿತವೇ, ಈ ಕುಟುಂಬಕ್ಕೆ ಇದು ಹೊಂದುತ್ತದೆಯೇ ಎಂಬ ಪ್ರಶ್ನೆಗಳು ಬೇರೆ. ಅವಕ್ಕೆ ಉತ್ತರ ಹೇಳಲು ಬೇರೆ ವಿದ್ಯೆ ಬೇಕು.

ಎರಡು ಅರ್ಹತೆಗಳು

ಪ್ರವಾದಿ ಯೂಸುಫ್(ಅ)ರ ಕಥೆ ನಮ್ಮ ಮಕ್ಕಳಿಗೂ ಗೊತ್ತು. ಏಳು ವರ್ಷ ಸುಗ್ಗಿ, ಏಳು ವರ್ಷ ಬರ ಎಂದು ಅವರು ರಾಜನ ಕನಸಿಗೆ ಅರ್ಥ ಹೇಳಿದರು. ಅಷ್ಟಕ್ಕೇ ನಿಲ್ಲದೆ ಯೋಜನೆಯನ್ನೂ ಕೊಟ್ಟರು: ಬೆಳೆದದ್ದರಲ್ಲಿ ತಿನ್ನುವಷ್ಟು ತೆಗೆದುಕೊಂಡು ಉಳಿದದ್ದನ್ನು ತೆನೆಯಲ್ಲೇ ಬಿಟ್ಟು ಕೂಡಿಡಿ ಎಂದರು. ಒಂದು ದೇಶಕ್ಕೆ ಮಾಡಿದ ಹಣಕಾಸು ಯೋಜನೆ ಎಂದರೆ ಇದೇ. ಮುಂದೆ ಭಂಡಾರದ ಹೊಣೆ ಕೇಳಿಕೊಂಡಾಗ ಅವರು ತಮ್ಮ ಎರಡು ಅರ್ಹತೆಗಳನ್ನು ಹೇಳಿದರು. ಒಂದು ಹಫೀಝ್, ಅಂದರೆ ಕಾಪಾಡುವವನು. ಇನ್ನೊಂದು ಅಲೀಮ್, ಅಂದರೆ ಬಲ್ಲವನು.

ಎರಡೂ ಬೇಕು. ಬಲ್ಲವನು ಕಾಪಾಡದಿದ್ದರೆ ಐಎಂಎ ಆಗುತ್ತದೆ. ಕಾಪಾಡುವ ಮನಸ್ಸಿದ್ದೂ ಬಲ್ಲವನಲ್ಲದಿದ್ದರೆ ನಾವು ಆ ಸಹೋದರಿಗೆ ಮಾಡಿದ್ದೇ ಆಗುತ್ತದೆ.

ಮದೀನಾದಲ್ಲಿ ಖರ್ಜೂರದ ಮರಗಳಿಗೆ ಪರಾಗ ಕಟ್ಟುವ ವಿಷಯದಲ್ಲಿ ಪ್ರವಾದಿ(ಸ)ರು ಕೊನೆಗೆ ಆ ಕೆಲಸ ಬಲ್ಲವರ ತಿಳಿವಳಿಕೆಗೇ ಬಿಟ್ಟುಕೊಟ್ಟದ್ದು ಹದೀಸಿನಲ್ಲಿದೆ. ಅಲ್ಲಾಹನ ರಸೂಲರೇ ಹಾಗೆ ಮಾಡಿರುವಾಗ ತಿಳಿಯದ ಲೆಕ್ಕಕ್ಕೆ ತಲೆಯಾಡಿಸಲು ನಾವು ಯಾರು?

ಕಲಿಯುವ ದಾರಿ

ಈಗ ಆ ತಂದೆಯ ಪ್ರಶ್ನೆಗೆ ಬರೋಣ. ಈ ಕೆಲಸಕ್ಕೆ ನಮ್ಮ ದೇಶದಲ್ಲಿ ಎರಡು ಮುಖ್ಯ ಬಾಗಿಲುಗಳಿವೆ. ಎರಡರ ವ್ಯತ್ಯಾಸ ತಿಳಿಯುವುದು ಅಗತ್ಯ.

ಮೊದಲನೆಯದು ಮ್ಯೂಚುವಲ್ ಫಂಡ್ ವಿತರಕರದು. ಪಿಯುಸಿ ಆದವರೂ ಸೇರಬಹುದು. ಎನ್‌ಐಎಸ್‌ಎಂ ಎಂಬ ಸಂಸ್ಥೆ ನಡೆಸುವ 5-ಎ ಪರೀಕ್ಷೆ ಬರೆಯಬೇಕು: ನೂರು ಅಂಕ, ಎರಡು ಗಂಟೆ, ಐವತ್ತು ಬಂದರೆ ಪಾಸು. ಪ್ರಮಾಣಪತ್ರ ಮೂರು ವರ್ಷ ನಡೆಯುತ್ತದೆ, ಆಮೇಲೆ ನವೀಕರಿಸಬೇಕು. ನಂತರ ಆಂಫಿ ಸಂಸ್ಥೆಯಿಂದ ಎಆರ್‌ಎನ್ ಎಂಬ ನೋಂದಣಿ ಸಂಖ್ಯೆ ಸಿಗುತ್ತದೆ. ಇಲ್ಲಿ ಗ್ರಾಹಕ ಫೀ ಕೊಡುವುದಿಲ್ಲ, ಫಂಡ್ ಕಂಪನಿ ಕಮಿಷನ್ ಕೊಡುತ್ತದೆ.

ಎರಡನೆಯದು ನೋಂದಾಯಿತ ಹೂಡಿಕೆ ಸಲಹೆಗಾರರದು. 2013ರ ಸೆಬಿ ನಿಯಮಾವಳಿ ಇದನ್ನು ನಡೆಸುತ್ತದೆ. ಬಿ.ಕಾಂ. ಮುಗಿಸಿದವರಿಗೆ ಈ ಬಾಗಿಲು ತೆರೆದಿದೆ. ಎನ್‌ಐಎಸ್‌ಎಂನ 10-ಎ ಮತ್ತು 10-ಬಿ ಎಂಬ ಎರಡು ಪರೀಕ್ಷೆಗಳಿವೆ. ನೂರಕ್ಕೆ ಅರವತ್ತು ಬೇಕು, ತಪ್ಪು ಉತ್ತರಕ್ಕೆ ಅಂಕ ಕಡಿತವೂ ಇದೆ. ಹಿಂದೆ ಅನುಭವದ ವರ್ಷಗಳನ್ನೂ ಕೇಳುತ್ತಿದ್ದರು. 2024ರ ಡಿಸೆಂಬರ್ ತಿದ್ದುಪಡಿಯಲ್ಲಿ ಅದನ್ನು ತೆಗೆದರು, ದೊಡ್ಡ ಆಸ್ತಿ ತೋರಿಸುವ ಷರತ್ತಿನ ಬದಲು ಠೇವಣಿಯ ಷರತ್ತು ತಂದರು. 150 ಗ್ರಾಹಕರವರೆಗೆ 1 ಲಕ್ಷ ರೂಪಾಯಿ. ಅದಕ್ಕೆ ಬಡ್ಡಿ ಬಂದರೆ ಸವಾಬಿನ ಆಸೆಯಿಲ್ಲದೆ ಬಡವರಿಗೆ ಕೊಟ್ಟು ಕೈ ತೊಳೆದುಕೊಳ್ಳಬೇಕು. ಬೇರೆ ಉದ್ಯೋಗದ ಜೊತೆ ಅರೆಕಾಲಿಕವಾಗಿ 75 ಗ್ರಾಹಕರವರೆಗೆ ಸಲಹೆ ಕೊಡಲೂ ಅದೇ ತಿದ್ದುಪಡಿ ದಾರಿ ಮಾಡಿತು. ನಿಯಮಗಳು ಆಗಾಗ ಬದಲಾಗುತ್ತವೆ, ಅರ್ಜಿ ಹಾಕುವ ದಿನ ಸೆಬಿಯ ಜಾಲತಾಣದಲ್ಲಿ ಮತ್ತೊಮ್ಮೆ ನೋಡಿಕೊಳ್ಳಿ.

ಸಲಹೆಗಾರರು ಗ್ರಾಹಕರಿಂದ ಫೀ ಪಡೆಯುತ್ತಾರೆ. ತಾವು ಸಲಹೆ ಕೊಟ್ಟ ಗ್ರಾಹಕನ ಹೂಡಿಕೆಯ ಮೇಲೆ ಕಂಪನಿಯಿಂದ ಕಮಿಷನ್ ಪಡೆಯುವಂತಿಲ್ಲ. ಈ ಒಂದು ನಿಯಮ ನಮಗೆ ಬಹಳ ಹಿಡಿಸಿತು. ಇಷ್ಟು ದೊಡ್ಡ ದೇಶದಲ್ಲಿ ಇಂಥ ಸಲಹೆಗಾರರು ಒಂದು ಸಾವಿರದ ಆಸುಪಾಸಿನಲ್ಲಷ್ಟೇ ಇದ್ದಾರೆ. ಅವರಲ್ಲಿ ಹೆಚ್ಚಿನವರು ದೊಡ್ಡ ನಗರಗಳಲ್ಲಿ.

ಇನ್ನೂ ಮುಂದೆ ಓದುವವರಿಗೆ ಸಿಎಫ್‌ಪಿ ಎಂಬ ಅಂತರರಾಷ್ಟ್ರೀಯ ಪ್ರಮಾಣಪತ್ರವಿದೆ. ಇದು ನಮಗಾಗುತ್ತದೆಯೇ ಎಂದು ಪರೀಕ್ಷಿಸಿಕೊಳ್ಳಲು ಸೆಬಿ ಮತ್ತು ಎನ್‌ಐಎಸ್‌ಎಂ ನಡೆಸುವ ಹೂಡಿಕೆದಾರರ ಪ್ರಮಾಣಪತ್ರ ಪರೀಕ್ಷೆ ಇದೆ, ಅದು ಉಚಿತ. ಕಾಲೇಜು ಓದುವ ಮಕ್ಕಳು ರಜೆಯಲ್ಲಿ ಅದನ್ನು ಬರೆಯಲಿ.

ಹೊಟ್ಟೆ ತುಂಬುತ್ತದೆಯೇ?

ಇದನ್ನು ಮುಚ್ಚಿಡುವುದು ಸರಿಯಲ್ಲ. ಮೊದಲ ಕೆಲವು ವರ್ಷ ತುಂಬುವುದಿಲ್ಲ.

ಲೆಕ್ಕ ನೋಡಿ. ಒಬ್ಬ ವಿತರಕ ನೂರು ಕುಟುಂಬಗಳಿಂದ ತಿಂಗಳಿಗೆ ಸಾವಿರ ರೂಪಾಯಿ ಉಳಿತಾಯ ಮಾಡಿಸಿದ ಎನ್ನೋಣ. ವರ್ಷಕ್ಕೆ 12 ಲಕ್ಷ ಸೇರುತ್ತದೆ. ಕಮಿಷನ್ ವರ್ಷಕ್ಕೆ ನೂರಕ್ಕೆ ಮುಕ್ಕಾಲು ರೂಪಾಯಿ ಎಂದು ಹಿಡಿದರೆ ಅಷ್ಟು ಹಣದ ಮೇಲೆ ಅವನಿಗೆ ಸಿಗುವುದು 9 ಸಾವಿರ. ತಿಂಗಳಿಗೆ 750. ಒಂದು ಕೋಟಿ ಕೂಡಿದಾಗ ತಿಂಗಳಿಗೆ 6,250. ಸಲಹೆಗಾರ್ತಿಯಾದರೆ 75 ಕುಟುಂಬಗಳು ವರ್ಷಕ್ಕೆ 3 ಸಾವಿರದಂತೆ ಕೊಟ್ಟರೆ 2 ಲಕ್ಷ 25 ಸಾವಿರ. ಆದರೆ ಆ 75 ಕುಟುಂಬಗಳ ನಂಬಿಕೆ ಒಂದು ವರ್ಷದಲ್ಲಿ ಬರುವುದಿಲ್ಲ.

ಆದ್ದರಿಂದ ನಮ್ಮ ಸಲಹೆ ಇದು: ಮೊದಲ ನಾಲ್ಕೈದು ವರ್ಷ ಬೇರೆ ಕೆಲಸ ಇರಲಿ. ಗೋಕಾಕದಲ್ಲೋ ಬೆಳಗಾವಿಯಲ್ಲೋ ಲೆಕ್ಕಪರಿಶೋಧಕರ ಕಚೇರಿಯಲ್ಲಿ ಕೂತು ಜಿಎಸ್‌ಟಿ, ಆದಾಯ ತೆರಿಗೆ ರಿಟರ್ನ್ ತುಂಬುವುದನ್ನು ಕಲಿಯಲಿ. ಅದರಿಂದ ಊಟವೂ ನಡೆಯುತ್ತದೆ, ಮಂದಿಯ ಲೆಕ್ಕ ಓದುವ ಕಣ್ಣೂ ಬರುತ್ತದೆ. ಬೇಗ ಹಣ ಬೇಕೆಂದು ಈ ಕೆಲಸಕ್ಕೆ ಇಳಿಯುವವನೇ ನಾಳೆ ನೂರಕ್ಕೆ ಮೂರರ ಕಂಪನಿಗೆ ಏಜೆಂಟನಾಗುತ್ತಾನೆ.

ನಮ್ಮ ನಾಡಿನಲ್ಲಿ ಇಂಥ ನಂಬಿಕೆ ಹೇಗೆ ಬೆಳೆಯಿತು ಎಂಬುದಕ್ಕೆ ಪಿಗ್ಮಿಯೇ ಸಾಕ್ಷಿ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಬ್ಯಾಂಕು, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದದ್ದು, 1928ರಲ್ಲಿ ಮನೆಬಾಗಿಲಿಗೆ ಹೋಗಿ ದಿನಕ್ಕೆ ಎರಡಾಣೆ ಸಂಗ್ರಹಿಸಲು ಆರಂಭಿಸಿತು. ಅದರ ಬಡ್ಡಿಯ ಮಾತು ಬೇರೆ. ಕಲಿಯಬೇಕಾದದ್ದು ಆ ಶಿಸ್ತನ್ನು: ಚಿಕ್ಕ ಮೊತ್ತ, ದಿನಾಲೂ ಬರುವ ಮನುಷ್ಯ, ಪುಸ್ತಕದಲ್ಲಿ ಬರೆದ ಲೆಕ್ಕ. ಇವತ್ತಿಗೂ ನಮ್ಮ ಪೇಟೆಯಲ್ಲಿ ಪಿಗ್ಮಿಯವರನ್ನು ಕಾಯುವ ಅಂಗಡಿಯವರಿದ್ದಾರೆ.

ದೀನಿನ ಗೆರೆ

ಇದು ಬಡ್ಡಿ ಕೆಲಸವೇ? ಅಲ್ಲ. ಶ್ರಮಪಟ್ಟು ಲೆಕ್ಕ ಹಾಕಿ ಸಲಹೆ ಕೊಟ್ಟು ಕೂಲಿ ಪಡೆಯುವುದು ಹಲಾಲ್. ಆದರೆ ಈ ಕೆಲಸದ ಇಕ್ಕೆಲದಲ್ಲೂ ಹರಾಮ್ ಇದೆ, ಆದ್ದರಿಂದ ಗೆರೆ ತಿಳಿದಿರಬೇಕು.

ಬಡ್ಡಿಯ ಸಾಲ, ಬಡ್ಡಿಯ ಠೇವಣಿ ಮಾರಿ ಕಮಿಷನ್ ತಿನ್ನಬಾರದು. ಷೇರಿನ ಕಡೆ ಹೋಗುವವರಿಗೆ ಶರೀಅತ್ ತಪಾಸಣೆಯ ಸೂಚ್ಯಂಕಗಳಿವೆ. ಟಾಟಾ ಎಥಿಕಲ್, ಟಾರಸ್ ಎಥಿಕಲ್, ನಿಫ್ಟಿ ಶರೀಅಃ ಬೀಸ್‌ನಂಥ ಫಂಡ್‌ಗಳಿವೆ. ಹೆಸರು ಹೇಳಿದ್ದು ತಿಳಿದಿರಲಿ ಎಂದು, ಹಣ ಹಾಕಿ ಎಂದಲ್ಲ. ಇವುಗಳ ಬೆಲೆ ಇಳಿಯುವುದೂ ಉಂಟು. ಮುಂದಿನ ವರ್ಷದ ನಿಕಾಹ್‌ನ ಹಣ ಅಲ್ಲಿರಬಾರದು ಎಂದು ಹೇಳುವುದೇ ಯೋಜಕರ ಕೆಲಸ. ವಿಮೆಯ ವಿಷಯದಲ್ಲಿ ಉಲಮಾಗಳಲ್ಲಿ ಭಿನ್ನಾಭಿಪ್ರಾಯವಿದೆ. ಅಲ್ಲಿ ಯೋಜಕರು ತಾವೇ ಫತ್ವಾ ಕೊಡದೆ ಮುಫ್ತಿಯವರ ಬಳಿ ಕಳುಹಿಸಬೇಕು. ನಾವು ಲೆಕ್ಕಕ್ಕೆ ಅವರ ಬಳಿ ಕಳುಹಿಸುವ ಹಾಗೆ.

ಕಮಿಷನ್ ಬರುತ್ತಿದ್ದರೆ ಎಷ್ಟು ಬರುತ್ತದೆ ಎಂದು ಗ್ರಾಹಕನಿಗೆ ಬಾಯಿಬಿಟ್ಟು ಹೇಳಬೇಕು. ಗ್ರಾಹಕನ ಹಣವನ್ನು ಎಂದೂ ತನ್ನ ಕೈಗಾಗಲಿ ಖಾತೆಗಾಗಲಿ ಪಡೆಯಬಾರದು, ಅದು ಅವರ ಖಾತೆಯಿಂದ ನೇರವಾಗಿ ಫಂಡಿಗೆ ಹೋಗಬೇಕು. ಮನೆಯ ಗುಟ್ಟು ಮನೆಯಲ್ಲೇ ಉಳಿಯಬೇಕು. ಯಾರಿಗೆ ಎಷ್ಟು ಸಾಲ ಎಂಬುದು ಬೀಗರ ಕಿವಿಗೆ ಬಿದ್ದರೆ ನಮ್ಮೂರಿನಲ್ಲಿ ಒಂದು ಸಂಬಂಧವೇ ಮುರಿಯುತ್ತದೆ. ಪ್ರವಾದಿ(ಸ)ರನ್ನು ಮಕ್ಕಾದ ವಿರೋಧಿಗಳೂ ಅಮೀನ್ ಎಂದು ಕರೆದು ತಮ್ಮ ವಸ್ತುಗಳನ್ನು ಅವರಲ್ಲಿ ಇಡುತ್ತಿದ್ದರು. ಹಿಜ್‌ರತ್‌ನ ಅಪಾಯದ ರಾತ್ರಿಯಲ್ಲೂ ಆ ಅಮಾನತುಗಳನ್ನು ಹಿಂತಿರುಗಿಸಲು ಅವರು ಅಲೀ(ರ)ರನ್ನು ಹಿಂದೆ ಬಿಟ್ಟು ಹೋದರು.

ನಮ್ಮ ಯೋಜಕರು ಬೇರೆಯವರು ಮಾಡದ ಮೂರು ಕೆಲಸಗಳನ್ನೂ ಮಾಡಬಲ್ಲರು. ವರ್ಷಕ್ಕೊಮ್ಮೆ ಝಕಾತಿನ ಲೆಕ್ಕ ಹಾಕಿಕೊಡುವುದು. ಸೂರಃ ಅಲ್ ಬಖರದ 282ನೇ ಆಯತ್ ಆದೇಶಿಸಿದಂತೆ ಕೊಟ್ಟ ತೆಗೆದುಕೊಂಡ ಸಾಲವನ್ನು ಸಾಕ್ಷಿಯೊಂದಿಗೆ ಬರೆಸುವುದು. ವಸಿಯತ್ತನ್ನು ಮೂರನೇ ಒಂದು ಪಾಲಿನ ಮಿತಿಯೊಳಗೆ ಬರೆಯಲು ನೆನಪಿಸುವುದು. ಸಅದ್ ಬಿನ್ ಅಬೀ ವಕ್ಕಾಸ್(ರ) ತಮ್ಮ ಆಸ್ತಿಯನ್ನೆಲ್ಲ ದಾನ ಮಾಡಲು ಬಯಸಿದಾಗ ವಾರಸುದಾರರನ್ನು ಬೇಡುವ ಸ್ಥಿತಿಗೆ ತರಬಾರದೆಂದು ಪ್ರವಾದಿ(ಸ)ರು ತಡೆದರು. ಮಕ್ಕಳ ನಾಳೆಗಾಗಿ ಯೋಚಿಸುವುದು ತವಕ್ಕುಲಿಗೆ ವಿರುದ್ಧವಲ್ಲ.

ಜಮಾತಿನ ಪಾಲು

ಕಲಿತವರು ಬರುವವರೆಗೆ ಪ್ರತಿ ಮನೆಯೂ ಇಷ್ಟು ಮಾಡಲಿ. ಸಲಹೆ ಕೊಡಲು ಬಂದವರ ನೋಂದಣಿ ಸಂಖ್ಯೆ ಕೇಳಿ. ಸಲಹೆಗಾರರದು ಐಎನ್‌ಎ ಎಂದು, ವಿತರಕರದು ಎಆರ್‌ಎನ್ ಎಂದು ಆರಂಭವಾಗುತ್ತದೆ. ಅದನ್ನು ಸೆಬಿ ಮತ್ತು ಆಂಫಿ ಜಾಲತಾಣದಲ್ಲಿ ನೋಡಿ. ಹಣ ಇಡುವ ಜಾಗ ಬ್ಯಾಂಕೋ ಪತ್ತಿನ ಸಂಘವೋ ತಿಳಿದುಕೊಳ್ಳಿ. ಬ್ಯಾಂಕಿನ ಠೇವಣಿಗೆ 5 ಲಕ್ಷದವರೆಗೆ ವಿಮೆಯಿದೆ, ಸಹಕಾರಿ ಬ್ಯಾಂಕಿಗೂ ಇದೆ, ಪತ್ತಿನ ಸಂಘಕ್ಕೆ ಆ ರಕ್ಷಣೆ ಇಲ್ಲ. ಮೋಸದ ಯೋಜನೆ ಕಂಡರೆ ರಿಸರ್ವ್ ಬ್ಯಾಂಕಿನ ‘ಸಚೇತ್’ ಜಾಲತಾಣದಲ್ಲಿ ದೂರು ಕೊಡಿ.

ಇನ್ನೊಂದು ಮಾತು. ಡಾಕ್ಟರಿಗೆ ಫೀ ಕೊಡುವ ನಾವು ಹಣದ ಸಲಹೆಗೆ ಫೀ ಕೇಳಿದರೆ "ಬಾಯಿ ಮಾತಿಗೂ ರೊಕ್ಕಾ ಏನ್ರಿ?" ಎನ್ನುತ್ತೇವೆ. ಪುಕ್ಕಟೆ ಸಲಹೆಗೆ ಆ ಸಹೋದರಿ 3 ಲಕ್ಷದ 16 ಸಾವಿರ ಕೊಟ್ಟರು.

ಆ ತಂದೆಗೆ ನಾವು ಹೇಳಿದ್ದು: ಕಳಿಸಿರಿ. ಹೆಣ್ಣುಮಗಳು ಕಲಿತರೆ ಇನ್ನೂ ಒಳ್ಳೆಯದು. ಇದ್ದತ್ತಿನಲ್ಲಿ ಕೂತ ಹೆಂಗಸು ತನ್ನ ಹಣದ ಚಿಂತೆಯನ್ನು ಇನ್ನೊಬ್ಬ ಹೆಂಗಸಿಗೆ ಹೇಳಿದಷ್ಟು ಬಿಚ್ಚಿ ನಮಗೆ ಹೇಳಲಾರಳು. ನಾವೂ ಒಂದು ನಿರ್ಧಾರ ಮಾಡಿದ್ದೇವೆ. ಇನ್ನು ಮುಂದೆ ಈ ಮಿಂಬರ್‌ನಿಂದಾಗಲಿ ನಮ್ಮ ಮನೆಯಿಂದಾಗಲಿ ಯಾವ ಕಂಪನಿಗೂ ಯಾವ ಯೋಜನೆಗೂ ಶಿಫಾರಸು ಹೋಗುವುದಿಲ್ಲ. ಕೇಳಿ ಬಂದವರಿಗೆ ದೀನಿನ ಮಸ್‌ಅಲಾ ಹೇಳುತ್ತೇವೆ, ಲೆಕ್ಕಕ್ಕೆ ಬಲ್ಲವರ ಬಳಿ ಕಳುಹಿಸುತ್ತೇವೆ.

ಆ ಸಹೋದರಿ ಈಗ ಹೊಲಿಗೆ ಮಾಡಿ ಮಕ್ಕಳನ್ನು ಓದಿಸುತ್ತಿದ್ದಾರೆ. ಒಮ್ಮೆಯೂ ನಮ್ಮನ್ನು ದೂರಲಿಲ್ಲ. ಖುತ್ಬಾ ಮುಗಿದ ಮೇಲೆ ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆವು. ಅವರು ಹೇಳಿದ್ದು ಒಂದೇ ಮಾತು: "ಆ ಹುಡುಗಿ ಕಲ್ತು ಬರ್ಲಿ ಹಜರತ್. ಮೊದಲ ನನ್ನ ಮನಿಗೇ ಕಳಸ್ರಿ."

ಕಾಪಾಡುವವರೂ ಬಲ್ಲವರೂ ಆದ ಮಕ್ಕಳನ್ನು ಅಲ್ಲಾಹನು ನಮ್ಮ ಊರುಗಳಿಗೆ ಕೊಡಲಿ, ನಮ್ಮ ಅಜ್ಞಾನದಿಂದ ನೊಂದವರ ಹಕ್ಕಿನ ವಿಷಯದಲ್ಲಿ ನಮ್ಮನ್ನು ಮನ್ನಿಸಲಿ. ಆಮೀನ್.